ಸ್ಲೇಟ್ ಕಲ್ಲಿನ ನೆಲ ಬಿಳಿಚಿಕೊಂಡಿದೆ, ಅಂಚಲ್ಲಿ ಚಕ್ಕೆ ಏಳ್ತಿದೆ: ಆಸಿಡ್ ವಾಶ್ ಮಾಡಿಸಬಹುದಾ?

ಜೆಪಿನಗರ_ವರಾಂಡ

ಎಲ್ಲರಿಗೂ ನಮಸ್ಕಾರ. ಹಾಲ್ ಮತ್ತು ಮುಂದಿನ ವರಾಂಡ ಸೇರಿ ಸುಮಾರು 300 ಚದರಡಿ ಸ್ಲೇಟ್ ನೆಲ. ಮೇಲ್ಮೈ ಒರಟು, ಬಣ್ಣ ಬೂದು-ಹಸಿರು, ನಡುನಡುವೆ ತುಕ್ಕಿನ ಕೆಂಪು. ಒರೆಸೋದು ಬೋರ್ ನೀರಲ್ಲಿ, ಬಕೆಟ್‌ಗೆ ಒಂದು ಮುಚ್ಚಳ ಬಿಳಿ ಫಿನಾಯಿಲ್. ಈಗಿನ ತೊಂದರೆ ಹೀಗಿದೆ: ಒದ್ದೆ ಇದ್ದಾಗ ಚೆನ್ನಾಗಿ ಕಾಣುವ ಕಲ್ಲು ಒಣಗಿದ ಕೂಡಲೇ ಬಿಳಿಚಿಕೊಳ್ಳುತ್ತೆ. ವರಾಂಡದ ಅಂಚಿನ ನಾಲ್ಕೈದು ಕಲ್ಲಲ್ಲಿ ಚಕ್ಕೆ ಏಳ್ತಿದೆ. ಊಟದ ಮೇಜಿನ ಕೆಳಗೆ ಎಣ್ಣೆ ಕಲೆ ಇಳಿದಿದೆ. ಪಾಲಿಷ್ ಮಾಡುವವರು ಆಸಿಡ್ ವಾಶ್ ಮಾಡಿ ಮೇಲೆ ಹೊಳಪಿನ ಕೋಟಿಂಗ್ ಹೊಡೆಯೋಣ ಅಂತಿದ್ದಾರೆ. ಒಪ್ಪಬಹುದಾ?

ಕಲ್ಲುಕೆಲಸ

ಒಪ್ಪಬೇಡಿ ಸರ್. ಆಸಿಡ್ ಬೇಡ, ಹೊಳಪಿನ ಕೋಟಿಂಗೂ ಬೇಡ.

ಮೊದಲು ಕಲ್ಲು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಬೆಂಗಳೂರಲ್ಲಿ ಸ್ಲೇಟ್ ಅಂತ ಮಾರುವುದೆಲ್ಲ ಸ್ಲೇಟ್ ಅಲ್ಲ. ಕಡಪ ಕಲ್ಲು, ಶಹಾಬಾದ್, ತಾಂಡೂರು, ಕೋಟಾ ಇವೆಲ್ಲ ಸುಣ್ಣದ ಕಲ್ಲುಗಳು. ನಿಜವಾದ ಸ್ಲೇಟ್ ಅಂದರೆ ಜೇಡಿಮಣ್ಣಿನ ಶಿಲೆ ಭೂಮಿಯೊಳಗೆ ಒತ್ತಡ, ಶಾಖಕ್ಕೆ ಸಿಕ್ಕು ಪದರ ಪದರವಾಗಿ ಗಟ್ಟಿಯಾದದ್ದು. ದಕ್ಷಿಣದಲ್ಲಿ ಆಂಧ್ರದ ಮಾರ್ಕಾಪುರದ ಸ್ಲೇಟ್ ಹೆಸರಾದದ್ದು, ಮಕ್ಕಳು ಬರೆಯುತ್ತಿದ್ದ ಸ್ಲೇಟುಗಳಿಗೂ ಅಲ್ಲಿಯ ಕಲ್ಲು ಹೋಗುತ್ತಿತ್ತು. ಹಿಮಾಚಲ, ರಾಜಸ್ಥಾನ, ಹರಿಯಾಣದಿಂದಲೂ ಬರುತ್ತೆ. ನೀವು ಹೇಳುವ ಬೂದು-ಹಸಿರು-ತುಕ್ಕು ಬಣ್ಣದ ಒರಟು ಕಲ್ಲು ಬಹುಮಟ್ಟಿಗೆ ಸ್ಲೇಟೇ. ಆದರೂ ಪರೀಕ್ಷೆ ಮಾಡಿ.

ಮನೆಯಲ್ಲಿ ಉಳಿದ ತುಂಡು ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಬೀರು ಕೆಳಗಿನ ಮೂಲೆ ಸಾಕು. ಮೊಳೆಯಿಂದ ಒಂದಿಂಚು ಗೀಚಿ ಪುಡಿ ಬರಿಸಿ, ಆ ಪುಡಿ ಮೇಲೆ ಎರಡು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆ ಎದ್ದರೆ ಕಲ್ಲಲ್ಲಿ ಸುಣ್ಣದ ಅಂಶ ಇದೆ. ಬರೀ ಕಲ್ಲಿನ ಮೇಲೆ ಹನಿಸಿದರೆ ಗುಳ್ಳೆ ಕಾಣದೇ ಹೋಗಬಹುದು, ಪುಡಿ ಮಾಡಿದರೆ ಆಮ್ಲ ಬೇಗ ಹಿಡಿಯುತ್ತೆ. ನೋಡಿದ ಮೇಲೆ ನೀರು ಹಾಕಿ ಒರೆಸಿಬಿಡಿ. ಜೊತೆಗೆ ಕಲ್ಲಿನ ಅಡ್ಡ ಅಂಚನ್ನೂ ನೋಡಿ: ಸ್ಲೇಟ್‌ಗೆ ತೆಳು ತೆಳು ಪದರ ಕಾಣುತ್ತೆ, ಕಡಪಕ್ಕೆ ಒಂದೇ ಸಮನಾದ ಮೈ.

ಗುಳ್ಳೆ ಬಂದರೆ ಆಸಿಡ್ ಮೇಲ್ಮೈಯನ್ನೇ ತಿನ್ನುತ್ತೆ. ಗುಳ್ಳೆ ಬರದಿದ್ದರೂ ನಿಮ್ಮ ಕಲ್ಲಿಗೆ ಅಪಾಯ ತಪ್ಪಿಲ್ಲ. ಆ ಕೆಂಪು ಬಣ್ಣ ಬಂದಿರೋದು ಕಬ್ಬಿಣದಿಂದ. ಆಸಿಡ್ ಆ ಕಬ್ಬಿಣವನ್ನು ಕರಗಿಸಿ ಪಕ್ಕದ ಕಲ್ಲಿಗೂ ಸಂದಿನ ಸಿಮೆಂಟಿಗೂ ಹರಡುತ್ತೆ. ಒಂದು ವಾರದಲ್ಲಿ ಕಿತ್ತಳೆ ಕಲೆ ಮೇಲೆ ಬರುತ್ತೆ. ಅದನ್ನು ತೆಗೆಯುವುದು ಈಗಿನ ಬಿಳಿಚು ತೆಗೆಯುವುದಕ್ಕಿಂತ ಎಷ್ಟೋ ಕಷ್ಟ. ಸಂದಿನ ಸಿಮೆಂಟ್ ಕೂಡ ಆಸಿಡ್‌ಗೆ ಸವೆದು ಮರಳು ಮರಳಾಗುತ್ತೆ.

ರಸಾಯನ_ಪಾಠ

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. "ಆಸಿಡ್ ಹಾಕಲ್ಲ, ಟಾಯ್ಲೆಟ್ ಕ್ಲೀನರ್ ಹಾಕ್ತೀನಿ" ಅನ್ನುವುದು ಬಹಳ ಕಡೆ ಕೇಳಿಬರುತ್ತದೆ. ಕಮೋಡಿಗೆ ಹಾಕುವ ನೀಲಿ ದ್ರವಗಳಲ್ಲಿ ಬಹುಪಾಲು ಹೈಡ್ರೋಕ್ಲೋರಿಕ್ ಆಮ್ಲವೇ ಇರುವುದು. ನಿಂಬೆಹಣ್ಣು, ವಿನೆಗರ್, ಹುಣಸೆ ಇವೂ ಆಮ್ಲಗಳೇ. ಹಿತ್ತಾಳೆ ದೀಪ ಹುಣಸೆಹಣ್ಣಲ್ಲಿ ತಿಕ್ಕಿ ಅದೇ ನೀರು ನೆಲಕ್ಕೆ ಚೆಲ್ಲಿದರೆ ಕಡಪ ಕಲ್ಲಲ್ಲಿ ಮಂಕು ಗುರುತು ಉಳಿಯುತ್ತದೆ, ಅದು ಕಲೆಯಲ್ಲ, ಕಲ್ಲು ಸವೆದ ಜಾಗ. ಒರೆಸಿದರೆ ಹೋಗುವುದಿಲ್ಲ.

ಇನ್ನೊಂದು ಜೀವದ ವಿಷಯ. ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರವ ಹಾಕಿದ ನೆಲಕ್ಕೆ ಆಸಿಡ್ ಇರುವ ಯಾವುದನ್ನೂ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೆ ಭಾರೀ ಅಪಾಯ. ಮನೆಕೆಲಸದವರಿಗೂ ಇದನ್ನು ಬಾಯಿಬಿಟ್ಟು ಹೇಳಿ. ಬಾಟಲಿ ಮೇಲಿನ ಸಣ್ಣ ಅಕ್ಷರ ಯಾರೂ ಓದುವುದಿಲ್ಲ.

ಜೆಪಿನಗರ_ವರಾಂಡ

ಮೂಲೆಯಲ್ಲಿ ಗೀಚಿ ನೋಡಿದೆ, ಗುಳ್ಳೆ ಬರಲಿಲ್ಲ. ಅಂಚಲ್ಲಿ ಪದರ ಕಾಣುತ್ತೆ. ಹಾಗಾದರೆ ಸ್ಲೇಟ್. ಈ ಬಿಳಿ ಯಾಕೆ ಬರುತ್ತೆ? ಆಸಿಡ್ ಇಲ್ಲದೆ ತೆಗೆಯೋದು ಹೇಗೆ?

ಕಲ್ಲುಕೆಲಸ

ಸ್ಲೇಟ್ ಮೇಲೆ ಬಿಳಿ ಬರಲು ಐದು ಕಾರಣ ಇವೆ, ಐದಕ್ಕೂ ಮದ್ದು ಬೇರೆ. ಕಾರಣ ಹಿಡಿಯದೆ ಉಜ್ಜಿದರೆ ಶ್ರಮ ದಂಡ.

ಒಂದು ಚದರಡಿ ಜಾಗ ಆರಿಸಿ. ಅರ್ಧ ಲೀಟರ್ ಬೆಚ್ಚಗಿನ ಕುಡಿಯುವ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಐದು ನಿಮಿಷ ನೆನೆಸಿ, ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರೀ ನೀರಲ್ಲಿ ಎರಡು ಸಲ ಒರೆಸಿ ಪೂರ್ತಿ ಒಣಗಲು ಬಿಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿ, ಒಣಗಿದ ಮೇಲೂ ಆ ಜಾಗ ಅಕ್ಕಪಕ್ಕಕ್ಕಿಂತ ಗಾಢವಾಗಿ ಕಂಡರೆ ಅದು ಫಿನಾಯಿಲ್ ಮತ್ತು ಸೋಪಿನ ಜಿಡ್ಡು. ಫಿನಾಯಿಲ್‌ನಲ್ಲಿ ಎಣ್ಣೆ ಅಂಶ ಇರುತ್ತೆ, ದಿನಾ ಒಂದೊಂದು ತೆಳು ಪೊರೆ ಕೂತು ಧೂಳು ಹಿಡಿದುಕೊಳ್ಳುತ್ತೆ. ಒರಟು ಕಲ್ಲಿನ ಕುಳಿಗಳಲ್ಲಿ ಇದು ಜಾಸ್ತಿ.

ಸೋಪಿಗೆ ಜಗ್ಗಲಿಲ್ಲ, ಮುಟ್ಟಿದರೆ ಗರಗರ ಅನ್ನುತ್ತೆ, ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದರೆ ಬಿಳಿ ಪುಡಿ ಬರುತ್ತೆ: ಅದು ಬೋರ್ ನೀರಿನ ಸುಣ್ಣ. ನೀರು ನಿಲ್ಲುವ ತಗ್ಗಿನಲ್ಲಿ ಇದು ದಪ್ಪಗಿರುತ್ತೆ.

ಒಣ ಬ್ರಷ್ ಹಾಕಿದರೇ ಉದುರುತ್ತೆ, ಹತ್ತಿಯಂತೆ ಮೆತ್ತಗಿದೆ, ಮಳೆಗಾಲ ಮುಗಿದ ಮೇಲೆ ಸಂದುಗಳ ಉದ್ದಕ್ಕೂ, ಹೊರಗೋಡೆ ಪಕ್ಕ ಬರುತ್ತೆ: ಅದು ಕೆಳಗಿನ ಗಾರೆಯಿಂದ ಎದ್ದ ಉಪ್ಪು.

ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್ ಸಿಪ್ಪೆ ಏಳುತ್ತೆ, ನೀರು ಬಿದ್ದಲ್ಲಿ ಹಾಲಿನ ಬಣ್ಣ ಆಗುತ್ತೆ: ಹಿಂದೆ ಯಾರೋ ಹೊಡೆದ ಅಕ್ರಿಲಿಕ್ ಕೋಟಿಂಗ್ ಹಾಳಾಗಿದೆ.

ಇವು ಯಾವುದೂ ಅಲ್ಲ, ಬರೀ ಒಣಗಿದಾಗ ಬಣ್ಣ ತಿಳಿಯಾಗುತ್ತೆ ಅಂದರೆ ಕಲ್ಲಿಗೆ ಏನೂ ಆಗಿಲ್ಲ. ಸೀಲ್ ಮಾಡದ, ಅಂದರೆ ನೀರು ಹೀರದಂತೆ ಲೇಪ (ಸೀಲರ್) ಹಚ್ಚದ ಸ್ಲೇಟ್ ಒಣಗಿದಾಗ ಇರುವುದೇ ಹಾಗೆ. ಕೊಳೆ ಇಲ್ಲದ ಕಲ್ಲನ್ನು ಕೊಳೆ ಅಂತ ತಿಕ್ಕಿ ತಿಕ್ಕಿ ಪದರ ಎಬ್ಬಿಸಿದ ಮನೆಗಳು ಸಾಕಷ್ಟಿವೆ.

ಹೊಸ್ತಿಲು

ಒರೆಸುವ ನೀರಿಗೆ ಇನ್ನೇನು ಹಾಕ್ತೀರಿ ಅಂತಾನೂ ನೋಡಿ. ಶುಕ್ರವಾರ, ಅಮಾವಾಸ್ಯೆ ದಿನ ದೃಷ್ಟಿ ಹೋಗಲಿ ಅಂತ ಬಕೆಟ್‌ಗೆ ಒಂದು ಹಿಡಿ ಕಲ್ಲುಪ್ಪು ಹಾಕುವ ಪದ್ಧತಿ ತುಂಬಾ ಮನೆಗಳಲ್ಲಿದೆ. ವಿಟ್ರಿಫೈಡ್ ಟೈಲ್ಸ್‌ಗೆ ಏನೂ ಆಗಲ್ಲ. ಸ್ಲೇಟ್ ಆ ನೀರನ್ನು ಕುಡಿದುಬಿಡುತ್ತೆ, ನೀರು ಆರುತ್ತೆ, ಉಪ್ಪು ಪದರದೊಳಗೆ ಹರಳುಗಟ್ಟಿ ಉಬ್ಬುತ್ತೆ, ಮೇಲಿನ ಪದರ ಎದ್ದು ಬರುತ್ತೆ. ಬೇಕಿದ್ದರೆ ಹೊಸ್ತಿಲಿಗೆ, ಮರದ ಬಾಗಿಲ ಹೊರಗಡೆ ಒಂದು ಬಟ್ಟಲಲ್ಲಿ ಇಡಿ. ಸ್ಲೇಟ್ ಮೇಲೆ ಒರೆಸಬೇಡಿ.

ಆರ್‌ಓ ಫಿಲ್ಟರ್‌ನಿಂದ ಹೊರಹೋಗುವ ನೀರನ್ನು ಹಿಡಿದು ನೆಲ ಒರೆಸುವವರೂ ಹೆಚ್ಚು. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಆ ನೀರಲ್ಲಿ ಬೋರ್ ನೀರಿಗಿಂತಲೂ ಲವಣ ಜಾಸ್ತಿ.

ರಸಾಯನ_ಪಾಠ

ಹೊಸ್ತಿಲು ಅವರ ಮಾತಿಗೆ ಲೆಕ್ಕ ಕೊಡುತ್ತೇನೆ. ಆರ್‌ಓ ಯಂತ್ರ 4 ಲೀಟರ್ ನೀರಲ್ಲಿ 1 ಲೀಟರ್ ಕುಡಿಯಲು ಕೊಟ್ಟು 3 ಲೀಟರ್ ಹೊರಬಿಟ್ಟರೆ, ಒಳಬಂದ ಲವಣ ಹೆಚ್ಚೂಕಡಿಮೆ ಎಲ್ಲ ಆ 3 ಲೀಟರ್‌ನಲ್ಲೇ ಉಳಿಯುತ್ತದೆ. ಬೋರ್ ನೀರಲ್ಲಿ ಲೀಟರ್‌ಗೆ ಒಟ್ಟು 600 ಮಿ.ಗ್ರಾಂ ಲವಣ ಇದ್ದರೆ ಹೊರಬಿಟ್ಟ ನೀರಲ್ಲಿ ಸುಮಾರು 800. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಅಂದರೆ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರ್‌ಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ನಗರದ ಎಷ್ಟೋ ಬೋರ್‌ವೆಲ್‌ಗಳು ಆ 200ನ್ನು ದಾಟಿರುತ್ತವೆ. ಟ್ಯಾಂಕರ್ ನೀರಂತೂ ಒಂದೊಂದು ಲೋಡೂ ಒಂದೊಂದು ಥರ.

ಕಾವೇರಿ ನೀರು ಬರುವ ಮನೆಯಾದರೆ ನೆಲ ಒರೆಸಲು ಅದನ್ನೇ ಒಂದು ಬಕೆಟ್ ಹಿಡಿದಿಟ್ಟುಕೊಳ್ಳಿ. ಮಳೆನೀರು ಸಂಗ್ರಹದ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಇಲ್ಲವೆಂದರೆ ಬೋರ್ ನೀರಲ್ಲೇ ಒರೆಸಿ, ಆದರೆ ಮಾಪನ್ನು ಗಟ್ಟಿಯಾಗಿ ಹಿಂಡಿ, ಹಿಂದೆಯೇ ಒಣ ಮೈಕ್ರೋಫೈಬರ್ ಬಟ್ಟೆ ಎಳೆಯಿರಿ. ನೀರು ನೆಲದ ಮೇಲೆ ಆರಿದಾಗ ಮಾತ್ರ ಸುಣ್ಣ ಕೂರುತ್ತದೆ, ಬಟ್ಟೆಗೆ ಹೋದ ನೀರಿನ ಸುಣ್ಣ ಬಟ್ಟೆಯ ಜೊತೆ ಹೋಗುತ್ತದೆ.

ಕೂತ ಸುಣ್ಣಕ್ಕೆ ಆಮ್ಲವಿಲ್ಲದ ದಾರಿ ಇಡಿಟಿಎ ಇರುವ ಕ್ಲೀನರ್. ಅದು ಕ್ಯಾಲ್ಸಿಯಮ್ಮನ್ನು ಹಿಡಿದು ನೀರಲ್ಲಿ ಕರಗುವಂತೆ ಮಾಡುತ್ತದೆ. ನಿಧಾನ, ಅರ್ಧ ಗಂಟೆ ಒದ್ದೆಯಾಗಿ ಇಡಬೇಕಾಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಆರುವುದಿಲ್ಲ. ಎರಡು ಮೂರು ಸುತ್ತು ಬೇಕಾಗಬಹುದು. ಕಲ್ಲಲ್ಲಿ ಸುಣ್ಣದಂಶ ಇದ್ದರೆ ಇದೂ ಕಲ್ಲನ್ನು ಸ್ವಲ್ಪ ಮುಟ್ಟುತ್ತದೆ, ಹಾಗಾಗಿ ಕಡಪಕ್ಕೆ ಇದನ್ನು ಹಚ್ಚಿ ಮರೆಯಬಾರದು. ನಿಮ್ಮದಕ್ಕೆ ಗುಳ್ಳೆ ಬಂದಿಲ್ಲವಾದ್ದರಿಂದ ಮೂಲೆಯಲ್ಲಿ ನೋಡಿ ಮುಂದುವರಿಯಬಹುದು.

ಜೆಪಿನಗರ_ವರಾಂಡ

ಪರೀಕ್ಷೆ ಫಲ: ಹಾಲ್‌ನಲ್ಲಿ ಸೋಪು ನೀರಿಗೆ ಬಟ್ಟೆ ಕಪ್ಪಾಯಿತು, ಕಲ್ಲಿನ ಹಸಿರು ವಾಪಸ್ ಬಂತು. ವರಾಂಡದಲ್ಲಿ ಮಾತ್ರ ಸಂದುಗಳ ಬಳಿ ಒಣ ಬ್ರಷ್‌ಗೆ ಬಿಳಿ ಪುಡಿ ಉದುರುತ್ತೆ.

ಕಲ್ಲುಕೆಲಸ

ಹಾಲ್‌ನದು ಸುಲಭ. ಜಿಡ್ಡು ತೆಗೆಯುವ ಕ್ರಮ ಬರೀತೀನಿ.

ಮೊದಲು ಚೆನ್ನಾಗಿ ಗುಡಿಸಿ. ಹುಲ್ಲಿನ ಪೊರಕೆ ಸಾಕು, ತೆಂಗಿನ ಕಡ್ಡಿ ಪೊರಕೆ ಒಳಗೆ ಬೇಡ, ಅದು ಎದ್ದ ಪದರದ ಅಂಚಿಗೆ ಸಿಕ್ಕಿ ಎಳೆಯುತ್ತೆ. ವ್ಯಾಕ್ಯೂಮ್ ಇದ್ದರೆ ತಿರುಗುವ ಬ್ರಷ್ ಬಿಚ್ಚಿ ಹಾಕಿ. ಒರಟು ಸ್ಲೇಟ್‌ನ ಕುಳಿಗಳಲ್ಲಿ ಮರಳು ಕೂತಿರುತ್ತೆ, ಅದನ್ನು ತೆಗೆಯದೆ ನೀರು ಹಾಕಿದರೆ ಕೆಸರು ಸಂದುಗಳಿಗೆ ಇಳಿಯುತ್ತೆ.

5 ಲೀಟರ್ ಬೆಚ್ಚಗಿನ ನೀರಿಗೆ 10 ಮಿ.ಲೀ. ಪಾತ್ರೆ ಲಿಕ್ವಿಡ್, ಅಂದರೆ ಎರಡು ಟೀ ಚಮಚ. ಹೆಚ್ಚು ಹಾಕಿದರೆ ಹೆಚ್ಚು ಶುಚಿ ಆಗಲ್ಲ, ತೊಳೆಯಲು ಕಷ್ಟ ಆಗುತ್ತೆ ಅಷ್ಟೇ. 4 ಅಡಿ × 4 ಅಡಿ ಜಾಗ ಮಾತ್ರ ಒಂದು ಸಲಕ್ಕೆ ಹಿಡಿಯಿರಿ. ಒದ್ದೆ ಮಾಡಿ ಹತ್ತು ನಿಮಿಷ ಬಿಡಿ, ಒಣಗಲು ಬಿಡಬೇಡಿ. ನೈಲಾನ್ ಬ್ರಷ್‌ನಲ್ಲಿ ಪದರದ ದಿಕ್ಕಿಗೆ ಉಜ್ಜಿ. ಉದ್ದ ಹಿಡಿಯ ಡೆಕ್ ಬ್ರಷ್ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತೆ, ಬೆನ್ನು ಉಳಿಯುತ್ತೆ. ಕೊಳೆ ನೀರನ್ನು ತಕ್ಷಣ ಮಾಪಿಗೋ ವೆಟ್ ವ್ಯಾಕ್ಯೂಮ್‌ಗೋ ಎಳೆದುಕೊಳ್ಳಿ. ಆಮೇಲೆ ಶುದ್ಧ ನೀರಲ್ಲಿ ಎರಡು ಸಲ ಒರೆಸಿ. ನೀರು ಬದಲಿಸುತ್ತಿರಿ. ಎರಡನೇ ಸಲದ ನೀರಲ್ಲಿ ನೊರೆ ಕಂಡರೆ ಮೂರನೇ ಸಲವೂ ಬೇಕು.

ಸ್ಟೀಲ್ ನಾರು, ತಂತಿ ಬ್ರಷ್ ಮುಟ್ಟಿಸಬೇಡಿ. ಕಬ್ಬಿಣದ ಚೂರು ಕಲ್ಲಿನ ಕುಳಿಯಲ್ಲಿ ಉಳಿದು ತುಕ್ಕು ಹಿಡಿಯುತ್ತೆ. ಸ್ಟೀಮ್ ಮಾಪ್ ಬೇಡ. ಪ್ರೆಶರ್ ವಾಷರ್ ಅಂತೂ ಮನೆಯೊಳಗಿನ ಸ್ಲೇಟ್‌ಗೆ ಬೇಡವೇ ಬೇಡ, ನೀರಿನ ಧಾರೆ ಪದರದ ಸಂದಿಗೆ ನುಗ್ಗಿ ಚಕ್ಕೆ ಕೀಳುತ್ತೆ.

ಇನ್ನು ಮುಂದೆ ಫಿನಾಯಿಲ್ ಬಿಡಿ. ಕಲ್ಲಿಗೆ ಅಂತಲೇ ಬರುವ ನ್ಯೂಟ್ರಲ್ ಪಿಎಚ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಕ್ಲೀನರ್ ವಾರಕ್ಕೆ ಎರಡು ಸಲ ಸಾಕು, ಅಳತೆ ಬಾಟಲಿ ಮೇಲೆ ಇದ್ದಷ್ಟೇ. ಉಳಿದ ದಿನ ಬರೀ ನೀರು, ಹಿಂಡಿದ ಬಟ್ಟೆ.

ರಸಮಟ್ಟ

ವರಾಂಡದ ಬಗ್ಗೆ ನಾನು ಹೇಳ್ತೀನಿ, ಅಲ್ಲಿ ಬಿಳಿ ಪುಡಿ ಮತ್ತು ಚಕ್ಕೆ ಎರಡೂ ಒಂದೇ ಕಾಯಿಲೆ. ಕೆಳಗೆ ತೇವ ಇದೆ.

ನೀರು ಎಲ್ಲಿಂದ ಬರುತ್ತೆ ಅಂತ ಹುಡುಕದೆ ಮೇಲೆ ಏನು ಹಚ್ಚಿದರೂ ಪ್ರಯೋಜನ ಇಲ್ಲ. ಸಾಮಾನ್ಯವಾಗಿ ಕಾಣುವುದು: ವರಾಂಡದ ಅಂಚಲ್ಲಿ ಹೂಕುಂಡಗಳ ಸಾಲು, ಕುಂಡದ ಕೆಳಗೆ ತಟ್ಟೆ ಇಲ್ಲ. ವರಾಂಡದ ಇಳಿಜಾರು ಹೊರಗಡೆಗೆ ಇರೋ ಬದಲು ಗೋಡೆ ಕಡೆಗೆ ಇದೆ. 10 ಅಡಿ ಅಗಲಕ್ಕೆ ಕನಿಷ್ಠ ಒಂದೂಕಾಲು ಇಂಚು ಇಳಿಜಾರು ಬೇಕು. ಹೊರಗಿನ ತೋಟದ ಮಣ್ಣು ವರಾಂಡದ ಮಟ್ಟಕ್ಕೇ ಏರಿದೆ. ಕಾರು ತೊಳೆಯುವ ನಲ್ಲಿ ಅಲ್ಲೇ ಇದೆ. ಇವನ್ನೆಲ್ಲ ನೋಡಿಕೊಳ್ಳಿ.

ತೇವ ಇದೆಯೋ ಇಲ್ಲವೋ ತಿಳಿಯಲು ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ ನೆಲದ ಮೇಲೆ ಒಂದು ದಿನ ಬಿಡಿ. ಬಿಸಿಲು ನೇರ ಬೀಳುವ ಕಡೆ ಬೇಡ. ತೆಗೆದಾಗ ಹಾಳೆಯ ಒಳಗೆ ಹನಿ ಇದ್ದರೆ, ಅಥವಾ ಆ ಜಾಗದ ಕಲ್ಲು ಗಾಢವಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಆಗ ಸೀಲರ್ ಹೊಡೆಯಬೇಡಿ. ಹೊರಗೆ ಹೋಗಲಾರದ ಉಪ್ಪು ಒಳಗೇ ಹರಳುಗಟ್ಟಿ ಇನ್ನೂ ದೊಡ್ಡ ಚಕ್ಕೆ ಕೀಳುತ್ತೆ.

ಬಿಳಿ ಪುಡಿಯನ್ನು ಯಾವಾಗಲೂ ಒಣಗಿದ್ದಾಗಲೇ ಬ್ರಷ್ ಮಾಡಿ, ಮೊರಕ್ಕೆ ತುಂಬಿ ಆಚೆ ಹಾಕಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ಮತ್ತೆ ಕಲ್ಲಿಗೆ ಇಳಿಯುತ್ತೆ. ನೀರಿನ ಮೂಲ ನಿಂತ ಮೇಲೆ ಕೆಲವು ತಿಂಗಳು ಪುಡಿ ಬರುತ್ತಲೇ ಇರುತ್ತೆ, ಕ್ರಮೇಣ ಕಮ್ಮಿ ಆಗುತ್ತೆ. ಅವಸರ ಬೇಡ.

ಚಕ್ಕೆ ಎದ್ದ ಕಲ್ಲುಗಳನ್ನು ಒಂದು ರೂಪಾಯಿ ನಾಣ್ಯದಿಂದ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಬರೀ ಮೇಲ್ಪದರ ಎದ್ದಿದೆ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಹಿಡಿದಿಲ್ಲ, ಆ ಕಲ್ಲನ್ನು ತೆಗೆದು ಮತ್ತೆ ಕೂರಿಸಬೇಕು.

ಜೆಪಿನಗರ_ವರಾಂಡ

ನಾಲ್ಕು ಕಲ್ಲು ಗಟ್ಟಿ, ಒಂದು ಟೊಳ್ಳು. ಕುಂಡಗಳಿಗೆ ತಟ್ಟೆ ಇರಲಿಲ್ಲ, ಇಡಿಸಿದ್ದೇವೆ. ರಿಪೇರಿ ವಿವರ ಹೇಳ್ತೀರಾ?

ರಸಮಟ್ಟ

ಗಟ್ಟಿ ಇರುವ ನಾಲ್ಕಕ್ಕೆ: ಕೈಗೆ ಬರುವ ಸಡಿಲ ಚಕ್ಕೆಯನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆದುಬಿಡಿ. ತೆಳುವಾದ್ದು ಹೋಗಲಿ, ಕೆಳಗೆ ಇರೋದೂ ಅದೇ ಕಲ್ಲು. ದೊಡ್ಡ ಪದರ ಒಂದು ಅಂಚಲ್ಲಿ ಮಾತ್ರ ಬಾಯಿ ಬಿಟ್ಟಿದ್ದರೆ ಉಳಿಸಬಹುದು. ಒಳಗಿನ ಧೂಳನ್ನು ಗಾಳಿ ಊದಿ ತೆಗೆಯಿರಿ, ಎರಡು ದಿನ ಪೂರ್ತಿ ಒಣಗಲಿ. ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಿಂದ ಸಂದಿಗೆ ತುಂಬಿ. ಅಕ್ಕಪಕ್ಕದ ಕಲ್ಲಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿರಿ. ಉಕ್ಕಿ ಬಂದದ್ದನ್ನು ಗಟ್ಟಿಯಾಗುವ ಮೊದಲೇ ಅಸಿಟೋನ್ ಬಟ್ಟೆಯಲ್ಲಿ ಒರೆಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಒಂದು ಇಟ್ಟಿಗೆ, 24 ಗಂಟೆ. ಅಂಚು ಎದ್ದು ಕಾಣದಿರಲು ಕಿತ್ತ ಚಕ್ಕೆಗಳನ್ನೇ ಒರಳಲ್ಲಿ ಕುಟ್ಟಿ ಪುಡಿ ಮಾಡಿ ಎಪಾಕ್ಸಿಗೆ ಬೆರೆಸಿದರೆ ಬಣ್ಣ ಹೊಂದುತ್ತೆ. ವೇಗವಾಗಿ ಹಿಡಿಯುವ ಇನ್‌ಸ್ಟಂಟ್ ಗ್ಲೂ ಇಲ್ಲಿಗೆ ಬೇಡ, ಅದು ಪೆಡಸು, ಬಿಸಿಲಿಗೆ ಬಿಡುತ್ತೆ.

ಟೊಳ್ಳು ಕಲ್ಲಿಗೆ: ಸುತ್ತಲ ಸಂದನ್ನು ಗ್ರೈಂಡರ್‌ನಲ್ಲಿ ಮೊದಲು ಬಿಡಿಸಬೇಕು, ಇಲ್ಲದಿದ್ದರೆ ಪಕ್ಕದ ಕಲ್ಲಿನ ಅಂಚು ಒಡೆಯುತ್ತೆ. ಒಡೆಯುವುದು ನಡುವಿನಿಂದ ಶುರು ಮಾಡಿ ಅಂಚಿಗೆ. ಗ್ರೈಂಡರ್ ಓಡುವಾಗ ನೀರು ಹನಿಸಿ, ಎನ್95 ಮಾಸ್ಕ್ ಹಾಕಿಕೊಂಡೇ ಮಾಡಲಿ. ಸ್ಲೇಟ್ ಧೂಳಲ್ಲಿ ಸಿಲಿಕಾ ಇದೆ, ಕೆಲಸದವರ ಶ್ವಾಸಕೋಶ ಅದು. ಹಳೆ ಗಾರೆ ಕೆರೆದು, ಕಲ್ಲಿನ ಬೆನ್ನಿಗೂ ನೆಲಕ್ಕೂ ಪಾಲಿಮರ್ ಟೈಲ್ ಅಂಟು ಹಚ್ಚಿ ಕೂರಿಸಬೇಕು. ಮೇಸ್ತ್ರಿಗಳು ನಾಲ್ಕು ಮೂಲೆಗೆ ಒಂದೊಂದು ಮುದ್ದೆ ಇಟ್ಟು ಒತ್ತಿಬಿಡುತ್ತಾರೆ, ನಡುವೆ ಖಾಲಿ ಉಳಿದು ಅಲ್ಲೇ ನೀರು ನಿಲ್ಲುತ್ತೆ. ನಿಂತು ನೋಡಿ ಮಾಡಿಸಿ. ಗ್ರೌಟ್ (ಸಂದು ತುಂಬುವ ಸಿಮೆಂಟ್) ಹಾಕುವ ಮೊದಲು ಆ ಕಲ್ಲಿಗೆ ಒಂದು ಕೈ ಸೀಲರ್ ಹಚ್ಚಿರಬೇಕು. ಹಚ್ಚದಿದ್ದರೆ ಗ್ರೌಟಿನ ಸಿಮೆಂಟ್ ಹಾಲು ಒರಟು ಕುಳಿಗಳಲ್ಲಿ ಕೂತುಬಿಡುತ್ತೆ, ಆಮೇಲೆ ತೆಗೆಯಲು ಆಸಿಡ್ ಅಂತ ಶುರುವಾಗುತ್ತೆ.

ಹೊಸ ಕಲ್ಲು ಬೇಕಾದರೆ ಜಿಗಣಿ ಕಡೆಯ ಯಾರ್ಡುಗಳಲ್ಲಿ ಹುಡುಕಿ. ಹಳೆಯ ಚಕ್ಕೆ ಕೈಲಿ ಹಿಡಿದುಕೊಂಡು ಹೋಗಿ, ಎರಡನ್ನೂ ನೀರಲ್ಲಿ ಅದ್ದಿ ಬಣ್ಣ ಹೋಲಿಸಿ. ಹಿಂಬದಿ ಸಮತಟ್ಟಾಗಿ ಕೊಯ್ದ ಕಲ್ಲೇ ಬೇಕು ಅಂತ ಕೇಳಿ.

ಮಲ್ಲೇಶ್ವರಂ_ಹಳೆಮನೆ

ಸೀಲರ್ ಯಾಕೆ? ಅಗಸೆ ಎಣ್ಣೆ, ಟರ್ಪೆಂಟೈನ್ ಸಮ ಬೆರೆಸಿ ಹಚ್ಚಿದರೆ ಕಲ್ಲು ಕಪ್ಪಗೆ ಚೆನ್ನಾಗಿ ಬರುತ್ತದೆ. ಹಿಂದಿನಿಂದ ಬಂದ ವಿಧಾನ. ಕಡಪ ಅಡುಗೆಕಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚುವುದೂ ಇದೆ.

ರಸಾಯನ_ಪಾಠ

ಬಣ್ಣ ಬರುವುದು ನಿಜ, ಮೊದಲ ಆರು ತಿಂಗಳು ನೋಡಲು ಚೆಂದವೇ. ಆದರೆ ಎರಡು ಎಣ್ಣೆಯೂ ಬೇರೆ ಬೇರೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ದಪ್ಪ ಹಚ್ಚಿದಲ್ಲಿ ಅಂಟಂಟು ಉಳಿದು, ಕಟ್ಟಡ ಕೆಲಸದ ಧೂಳೆಲ್ಲ ಅದರಲ್ಲಿ ಹೂತುಕೊಳ್ಳುತ್ತದೆ, ವರ್ಷಗಳು ಹೋದಂತೆ ಹಳದಿಗೆ ತಿರುಗುತ್ತದೆ. ಆಮೇಲೆ ಸೀಲರ್ ಹಚ್ಚಬೇಕೆಂದರೆ ಇದನ್ನು ಪೂರ್ತಿ ತೆಗೆಯಬೇಕು. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದೇ ಇಲ್ಲ, ನೆಲದ ಮೇಲೆ ಜಾರುತ್ತದೆ. ಕಟ್ಟೆಗೆ ಸರಿ, ನಡೆದಾಡುವ ನೆಲಕ್ಕೆ ಬೇಡ.

ಅಗಸೆ ಎಣ್ಣೆ ಹಚ್ಚಿಯೇ ಹಚ್ಚುತ್ತೀರಿ ಎಂದರೆ ದಯವಿಟ್ಟು ಇದೊಂದು ಪಾಲಿಸಿ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಗಟ್ಟಿಯಾಗುವಾಗ ಅದು ಶಾಖ ಬಿಡುತ್ತದೆ, ಮುದ್ದೆಯೊಳಗೆ ಶಾಖ ಹೋಗಲು ಜಾಗವಿಲ್ಲದೆ ಬೆಂಕಿ ತಾನೇ ಹೊತ್ತಿಕೊಳ್ಳಬಹುದು. ಮಹಡಿ ಮೇಲೆ ಒಂದೊಂದೇ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಮಲ್ಲೇಶ್ವರಂ_ಹಳೆಮನೆ

ಬಟ್ಟೆಯ ವಿಷಯ ಎಲ್ಲರೂ ತಿಳಿದಿರಬೇಕಾದದ್ದು. ಎಣ್ಣೆಯ ಬಗ್ಗೆ ನನ್ನ ಅಭಿಪ್ರಾಯ ಅದೇ: ಬಹಳ ತೆಳುವಾಗಿ ಹಚ್ಚಿ, 20 ನಿಮಿಷಕ್ಕೆ ಪೂರ್ತಿ ಒರೆಸಿ ತೆಗೆದರೆ ಅಂಟು ಬರುವುದಿಲ್ಲ. ಓಡಾಟ ಕಡಿಮೆ ಇರುವ ಕೋಣೆಗೆ ಸಾಕು.

ಕಲ್ಲುಕೆಲಸ

ನಿಮ್ಮ ನೆಲಕ್ಕೆ ನಾನು ಸೀಲರನ್ನೇ ಹೇಳ್ತೀನಿ. ಆಯ್ಕೆ ಎರಡು ಬಗೆ. ಕಲ್ಲಿನ ಒಳಗೆ ಇಳಿಯುವುದು, ಸಿಲೇನ್-ಸಿಲಾಕ್ಸೇನ್ ಜಾತಿ. ಮೇಲೆ ಪೊರೆಯಾಗಿ ಕೂರುವುದು, ಅಕ್ರಿಲಿಕ್ ಅಥವಾ ಪಿಯು (ಪಾಲಿಯುರೆಥೇನ್). ನಿಮಗೆ ಪಾಲಿಷ್‌ನವರು ಹೇಳಿದ್ದು ಎರಡನೆಯದು. ಅದು ಹೊಳೆಯುತ್ತೆ, ಆದರೆ ಒದ್ದೆಯಾದಾಗ ಜಾರುತ್ತೆ, ಕಲ್ಲಿನ ಉಸಿರು ಕಟ್ಟುತ್ತೆ, ನಡೆದಾಡುವ ದಾರಿಯಲ್ಲಿ ಸವೆದು ಪಟ್ಟೆ ಬೀಳುತ್ತೆ, ತೆಗೆಯಬೇಕಾದರೆ ಕೋಟಿಂಗ್ ಮೆತ್ತಗಾಗಿಸುವ ಸ್ಟ್ರಿಪ್ಪರ್ ಹಾಕಿ ಕೆರೆಯಬೇಕು. ಒಳಗೆ ಇಳಿಯುವ ಜಾತಿ ತಗೊಳ್ಳಿ. ಒದ್ದೆ ಕಲ್ಲಿನ ಬಣ್ಣ ಬೇಕು ಅಂದ್ರೆ ಅದರಲ್ಲೇ ಬಣ್ಣ ಗಾಢ ಮಾಡುವ ಬಗೆ ಸಿಗುತ್ತೆ. ಮೂಲೆಯಲ್ಲಿ ಹಚ್ಚಿ ನೋಡದೆ ಪೂರ್ತಿ ಹಚ್ಚಬೇಡಿ, ಬಣ್ಣ ವಾಪಸ್ ಬರಲ್ಲ.

ಹಾಲ್, ವರಾಂಡ ಸೇರಿ 300 ಚದರಡಿ ಅಂದರೆ ಸುಮಾರು 28 ಚದರ ಮೀಟರ್. ಒರಟು ಸ್ಲೇಟ್ ಲೀಟರ್‌ಗೆ ಸುಮಾರು 10 ಚದರ ಮೀಟರ್ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. ಮೊದಲ ಕೈಗೆ 2.8 ಲೀಟರ್, ಎರಡನೇ ಕೈಗೆ ಅದರ ಅರ್ಧ. 5 ಲೀಟರ್ ಕ್ಯಾನ್ ಸಾಕು, ಸ್ವಲ್ಪ ಉಳಿಯುತ್ತೆ.

ಕಾಲ: ಜನವರಿ ಕೊನೆಯಿಂದ ಮಾರ್ಚ್ ನಡುವಿನ ತನಕ. ಬೆಂಗಳೂರಲ್ಲಿ ಗಾಳಿ ಒಣಗಿರುವ ತಿಂಗಳು ಅವೇ. ಆಗಸ್ಟ್‌ನಿಂದ ಅಕ್ಟೋಬರ್ ಮಳೆ ಜೋರು, ಆಗ ಹಚ್ಚಬೇಡಿ. ತೊಳೆದ ಮೇಲೆ ಒಳಗಡೆ ಮೂರು ದಿನ ಫ್ಯಾನ್ ಹಾಕಿ ಒಣಗಿಸಿ.

ಹಚ್ಚುವಾಗ ಕಿಟಕಿ ತೆರೆದಿಡಿ. ದ್ರಾವಕದಲ್ಲಿರುವ ಸೀಲರ್ ಆದರೆ ಗ್ಯಾಸ್ ಒಲೆ ಆರಿಸಿ, ದೇವರ ಮನೆಯ ದೀಪವೂ ಆರಿರಬೇಕು. ನಾರು ಬಿಡದ ಹತ್ತಿ ಬಟ್ಟೆ ಅಥವಾ ಸ್ಪಂಜಿನಲ್ಲಿ ತೆಳುವಾಗಿ ಹಚ್ಚಿ, ಕುಳಿಗಳಲ್ಲಿ ನಿಲ್ಲಬಾರದು. 5ರಿಂದ 10 ನಿಮಿಷಕ್ಕೆ ಮೇಲೆ ಉಳಿದಿದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಕೆಲಸ ಕೆಡೋದು ಇಲ್ಲೇ. ಒರೆಸದೆ ಬಿಟ್ಟರೆ ಅಂಟು ಅಂಟಾದ ಮಂಜು ಪಟ್ಟೆ ಉಳಿಯುತ್ತೆ. ಹಾಗಾದರೆ ಅದೇ ಸೀಲರ್ ಸ್ವಲ್ಪ ಹಚ್ಚಿ, ಹಳೆಯದು ಮೆತ್ತಗಾದ ಕೂಡಲೇ ಒರೆಸಿದರೆ ಬರುತ್ತೆ. ಎರಡನೇ ಕೈ ಡಬ್ಬಿ ಮೇಲೆ ಹೇಳಿದ ಅಂತರಕ್ಕೆ. ಒಂದು ದಿನ ಓಡಾಟ, ನೀರು ಎರಡೂ ಬೇಡ.

ಆಮೇಲೆ ಆರು ತಿಂಗಳಿಗೊಮ್ಮೆ ಬಾಗಿಲ ಬಳಿ, ಮೇಜಿನ ಬಳಿ ಒಂದೊಂದು ಚಮಚ ನೀರು ಹಾಕಿ ಹತ್ತು ನಿಮಿಷ ನೋಡಿ. ಕಲ್ಲು ಗಾಢವಾಯಿತೆಂದರೆ ಅಲ್ಲಿ ಸೀಲರ್ ಸವೆದಿದೆ, ಆ ಜಾಗಕ್ಕೆ ಮಾತ್ರ ಮತ್ತೊಂದು ಕೈ ಕೊಡಿ.

ಹೊಸ್ತಿಲು

ಸೀಲರ್‌ಗೆ ಮೊದಲು ಮೇಜಿನ ಕೆಳಗಿನ ಎಣ್ಣೆ ಕಲೆ ತೆಗೆಯಿರಿ, ಇಲ್ಲದಿದ್ದರೆ ಅದು ಒಳಗೇ ಬೀಗ ಬೀಳುತ್ತೆ.

ಮುಲ್ತಾನಿ ಮಿಟ್ಟಿಯನ್ನು ಅಸಿಟೋನ್ ಜೊತೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಕಲೆಗಿಂತ ಒಂದಿಂಚು ಹೊರಗಿನ ತನಕ, ಕಾಲು ಇಂಚು ದಪ್ಪ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಟೇಪ್. 24 ಗಂಟೆ ಆದ ಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗಲೇ ಎಣ್ಣೆ ಮೇಲಕ್ಕೆ ಬಂದು ಮಣ್ಣಿಗೆ ಸೇರೋದು, ಒದ್ದೆ ಇದ್ದಾಗ ಕೆರೆದರೆ ಅರ್ಧ ಕೆಲಸ. ಹಳೆ ಕಲೆಗೆ ಎರಡು ಮೂರು ಸಲ ಬೇಕು. ಅಸಿಟೋನ್ ಬೆಂಕಿಗೆ ಬೇಗ ಹತ್ತುತ್ತೆ, ಅಡುಗೆಮನೆಯಲ್ಲಿ ಕಲಸಬೇಡಿ. ಮುಲ್ತಾನಿ ಮಿಟ್ಟಿಯಲ್ಲೂ ಸ್ವಲ್ಪ ಕಬ್ಬಿಣ ಇರುತ್ತೆ, ಹಾಗಾಗಿ ನೀರಲ್ಲಿ ಕಲಸಿ ಹಚ್ಚಬೇಕಾದ ಕಡೆ ಅದರ ಬದಲು ಅಡುಗೆ ಸೋಡಾ ಬಳಸಿ.

ಅರಿಶಿನಕ್ಕೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ 6 ಶೇಕಡಾ, ಸಮ ನೀರು ಬೆರೆಸಿ. ಅಡುಗೆ ಸೋಡಾ ಜೊತೆ ಕಲಸಿ ಅರ್ಧ ಗಂಟೆ ಇಡಿ. ಕಪ್ಪು ಕಲ್ಲಿಗೆ ಮೊದಲು ಮೂಲೆಯಲ್ಲಿ ನೋಡಿ. ಬಿಸಿಲು ಬೀಳುವ ಕಡೆಯಾದರೆ ಏನೂ ಮಾಡದೆ ಕಾಯಿರಿ, ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಹೋಗುತ್ತೆ.

ಗ್ಯಾಸ್ ಸಿಲಿಂಡರ್ ಕೆಳಗಿನ ತುಕ್ಕಿನ ಉಂಗುರಕ್ಕೆ ಆಸಿಡ್ ಇಲ್ಲದ ತುಕ್ಕು ರಿಮೂವರ್ ಸಿಗುತ್ತೆ, ಹಚ್ಚಿದರೆ ನೇರಳೆ ಬಣ್ಣಕ್ಕೆ ತಿರುಗುತ್ತೆ. ಬಟ್ಟೆಯಲ್ಲಿ ಎತ್ತಿ ತೊಳೆಯಿರಿ. ಆಮೇಲೆ ಸಿಲಿಂಡರ್‌ಗೆ ಚಕ್ರದ ಸ್ಟ್ಯಾಂಡ್ ಹಾಕಿ.

ವಿಜಯನಗರ_ಮಹಡಿ

ನಡುವೆ ಬಂದೆ, ಕ್ಷಮಿಸಿ. ಮಹಡಿ ಮೆಟ್ಟಿಲ ಸ್ಲೇಟ್ ಮೇಲೆ ಮಳೆಗಾಲದಲ್ಲಿ ಪಾಚಿ. ಅಮ್ಮ ಜಾರುವ ಭಯ. ಬ್ಲೀಚಿಂಗ್ ಪುಡಿ ಹಾಕಬಹುದಾ?

ರಸಾಯನ_ಪಾಠ

ಪುಡಿ ಬೇಡ, ಅದರಲ್ಲಿ ಸುಣ್ಣ ಇದೆ, ಬಿಳಿ ಉಳಿಯುತ್ತದೆ. 4-5 ಶೇಕಡಾ ಬ್ಲೀಚ್ ದ್ರವ 1 ಪಾಲಿಗೆ 10 ಪಾಲು ನೀರು. ಮೊದಲು ಒಣ ಪಾಚಿ ಕೆರೆದು ತೆಗೆಯಿರಿ. ದ್ರಾವಣ ಹಾಕಿ ಹತ್ತು ನಿಮಿಷ, ನೈಲಾನ್ ಬ್ರಷ್, ಧಾರಾಳ ನೀರು. ಕೈಗವಸು ಹಾಕಿಕೊಳ್ಳಿ, ಗಿಡಗಳಿಗೆ ಹರಿಯದಂತೆ ನೋಡಿ. ತುಕ್ಕು ಬಣ್ಣದ ಕಲ್ಲಾದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ, ಬ್ಲೀಚ್ ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸುತ್ತದೆ.

ರಸಮಟ್ಟ

ಮೆಟ್ಟಿಲಿಗೆ ಹೊಳಪಿನ ಕೋಟಿಂಗ್ ಹೊಡೆದಿದ್ದರೆ ಮೊದಲು ಅದನ್ನು ತೆಗೆಸಿ, ಪಾಚಿಗಿಂತ ಅದೇ ಹೆಚ್ಚು ಜಾರುತ್ತೆ. ಒಂದು ಹನಿ ಅಸಿಟೋನ್ ಹಾಕಿ ನೋಡಿ, ಅಂಟಾದರೆ ಅಕ್ರಿಲಿಕ್. ಮೆಟ್ಟಿಲ ಅಂಚಿಗೆ ಒರಟು ಪಟ್ಟಿ ಅಂಟಿಸಿ, ಅಮ್ಮನವರಿಗೆ ಹಿಡಿಯಲು ಕಂಬಿ ಹಾಕಿಸಿ. ಮೇಲಿನ ಮಹಡಿಯ ನೀರಿನ ಕೊಳವೆ ಮೆಟ್ಟಿಲ ಮೇಲೆ ಬೀಳುತ್ತಿದ್ದರೆ ಅದನ್ನು ಮೋರಿಗೆ ತಿರುಗಿಸಿ, ಪಾಚಿ ಅರ್ಧಕ್ಕರ್ಧ ನಿಲ್ಲುತ್ತೆ.

ಜೆಪಿನಗರ_ವರಾಂಡ

ಹಾಗಾದರೆ ಈಗ ಹಾಲ್ ಜಿಡ್ಡು ಮತ್ತು ಎಣ್ಣೆ ಕಲೆ ತೆಗೆದು, ಫೆಬ್ರವರಿಯಲ್ಲಿ ಹಾಲ್‌ಗೆ ಮಾತ್ರ ಸೀಲರ್. ವರಾಂಡಕ್ಕೆ ಈ ವರ್ಷವೇ ಹಚ್ಚಬಹುದಾ?

ರಸಮಟ್ಟ

ಪ್ಲಾಸ್ಟಿಕ್ ಹಾಳೆ ಪರೀಕ್ಷೆ ಫೆಬ್ರವರಿಯಲ್ಲಿ ಮೂರು ಜಾಗದಲ್ಲಿ ಮಾಡಿ: ಗೋಡೆ ಪಕ್ಕ, ನಡುವೆ, ಕುಂಡ ಇದ್ದ ಅಂಚಲ್ಲಿ. ಮೂರೂ ಒಣಗಿದ್ದು, ಒಂದು ತಿಂಗಳಿಂದ ಬಿಳಿ ಪುಡಿ ಬಂದಿಲ್ಲ ಅಂದರೆ ಹಚ್ಚಿ. ಒಂದು ಕಡೆ ಹನಿ ಕಂಡರೂ ಮುಂದಿನ ಬೇಸಿಗೆಗೆ ಬಿಡಿ. ಅಲ್ಲಿಯ ತನಕ ವರಾಂಡಕ್ಕೆ ನೀರು ಸುರಿದು ತೊಳೆಯೋದು ನಿಲ್ಲಿಸಿ, ಗುಡಿಸಿ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಬಾಗಿಲ ಮುಂದೆ ರಂಗೋಲಿ ಬಿಡುವ ಜಾಗದಲ್ಲಿ ಕಲ್ಲಿನ ಪುಡಿಯ ಬದಲು ಅಕ್ಕಿ ಹಿಟ್ಟು ಬಳಸಿದರೆ ಕಾಲಿಗೆ ಸಿಕ್ಕಿ ಹಾಲ್‌ನ ನೆಲ ಗೀಚೋದೂ ಕಮ್ಮಿಯಾಗುತ್ತೆ.